ನನ್ನ ಹಿಂದೆ ಓಡುವ ಹುಡುಗಿ

೯ ಜುಲೈ ೨೦೦೧, ಸೋಮವಾರ

ಸಿಟ್ಟು ಬಂದಾಗ ಇದರಲ್ಲಿ ಬರೆ, ನನ್ನ ಮೇಲೆ ಹಾರಬೇಡ ಎಂದು ಕ್ರಾಂತಿ ಈ ಡೈರಿ ತಂದುಕೊಟ್ಟಿದ್ದಾರೆ. ಊರಲ್ಲಿ ಗಂಡಂದಿರು ಹೆಂಡತಿಗೆ ಸೀರೆ ತರುತ್ತಾರೆ, ನನ್ನ ಗಂಡ ಬೈಗುಳಕ್ಕೆ ಹಾಳೆ ತಂದರು. ಅಂಚೆ ಕಚೇರಿಯ ಗುಮಾಸ್ತರಿಗೆ ಹೊಳೆಯುವುದೇ ಇಷ್ಟು.

ಹರಪನಹಳ್ಳಿಗೆ ವರ್ಗವಾಗಿ ಬಂದು ತಿಂಗಳಾಯಿತು. ಇಲ್ಲಿ ನಾನು ಬರೀ ಪಿ.ಟಿ. ಮಿಸ್. ಎಂಟುನೂರು ಮೀಟರ್, ಹದಿನೈದುನೂರು ಮೀಟರ್ ಎರಡರಲ್ಲೂ ವರ್ಷಗಟ್ಟಲೆ ರಾಜ್ಯಕ್ಕೇ ಮೊದಲು ಬಂದ ರಮಾ ಎಂಬುವಳೊಬ್ಬಳು ಇದ್ದಳು ಎನ್ನುವುದು ಈ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಯಾರಿಗೂ ಬೇಕಾಗಿಲ್ಲ. ಹೆಡ್‌ಮಾಸ್ಟರ್ ಗುರುಬಸವರಾಜ ಸರ್‌ಗೆ ಗೊತ್ತು. ಗೊತ್ತಿದ್ದೂ ದಿನಾ ಅವರದು ಒಂದೇ ಮಾತು: “ಮೇಡಂ, ಪ್ರಾರ್ಥನಿಗೆ ಸಾಲು ನೆಟ್ಟಗ ನಿಲ್ಲಿಸ್ರಿ.” ನಿಲ್ಲಿಸುತ್ತೇನೆ. ಅದಕ್ಕೇ ಅಲ್ಲವೇ ಸಂಬಳ.

ಹೋದ ವರ್ಷ ಎಡ ಮೊಣಕಾಲು ಕೈಕೊಟ್ಟಿತು. ಇನ್ನು ಓಟ ಮರೆತುಬಿಡಿ ಎಂದರು ಡಾಕ್ಟರು. ಅವರದೇನು ಗಂಟು ಹೋಗುತ್ತದೆ! ಡಿಸೆಂಬರಿನಲ್ಲಿ ಮೂವತ್ತೈದು ದಾಟಿದವರ ರಾಜ್ಯ ಕೂಟವಿದೆ. ನಾನು ಓಡುತ್ತೇನೆ, ಮೊದಲೂ ಬರುತ್ತೇನೆ. ಕ್ರಾಂತಿಗೆ ಬಿಟ್ಟರೆ ಇದನ್ನು ಯಾರಿಗೂ ಹೇಳಿಲ್ಲ.

೧೨ ಜುಲೈ, ಗುರುವಾರ

ಇವತ್ತು ನನ್ನಿಂದ ಒಂದು ಎಡವಟ್ಟಾಯಿತು. ಪ್ರಾರ್ಥನೆಗೆ ತಡವಾಗಿ ಬಂದ ನಾಲ್ಕು ಹುಡುಗಿಯರಿಗೆ, “ನಾ ಸಾಕು ಅನ್ನೋತನಕ ಮೈದಾನ ಸುತ್ತ್ರಿ” ಎಂದು ಶಿಕ್ಷೆ ಕೊಟ್ಟು ಒಳಗೆ ಹೋದೆ. ಹೆಡ್‌ಮಾಸ್ಟರು ಕರೆದರು, ಆಗಸ್ಟ್ ಹದಿನೈದರ ಕವಾಯತಿನ ಮಾತು ಬಂತು, ಚಹಾ ಬಂತು. ಹುಡುಗಿಯರನ್ನು ಮರೆತೇಬಿಟ್ಟೆ.

ಎರಡನೇ ಪೀರಿಯಡ್ಡಿನ ಗಂಟೆಯಾದ ಮೇಲೆ ಕಿಟಕಿಯಲ್ಲಿ ನೋಡುತ್ತೇನೆ, ಒಬ್ಬಳು ಇನ್ನೂ ಓಡುತ್ತಿದ್ದಾಳೆ! ಬರಿಗಾಲು. ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಾಳೆ. ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ಕೆಲಸ ಹೋಗುತ್ತಿತ್ತು. ಓಡಿ ಹೋಗಿ ತಡೆದು ನಿಲ್ಲಿಸಿದೆ.

“ಯಾಕ ನಿಲ್ಲಲಿಲ್ಲ ನೀನು?”

“ನೀವು ಸಾಕು ಅನ್ಲಿಲ್ಲಲ್ರಿ ಮಿಸ್.”

“ಉಳಿದೋರು ಎಲ್ಲಿ?”

“ಅವ್ರು ಆಗ್ಲೇ ಹೋಗ್ಯಾರ್ರಿ. ನಂಗ ಓಡಾಕ ಚಲೋ ಅನ್ನಿಸ್ತಿತ್ರಿ, ಅದಕ್ಕ…”

ಅವಳ ಕೊರಳಿನ ನಾಡಿ ಹಿಡಿದು ನೋಡಿದೆ. ನಂಬಿಕೆಯಾಗದೆ ಇನ್ನೊಂದು ಸಲ ಹಿಡಿದೆ. ಗೋಡೆಗೆ ಒರಗಿ ಕತೆ ಕೇಳುತ್ತ ಕೂತವಳ ನಾಡಿ ಅದು. ನಾನೇ ಹೆಚ್ಚು ಏದುಸಿರು ಬಿಡುತ್ತಿದ್ದೆ. ಅಬ್ಬಾ, ಇಷ್ಟು ವರ್ಷ ಓಟಗಾರರ ನಡುವೆಯೇ ಬದುಕಿದ್ದೇನೆ, ಇಂಥ ಎದೆ ಕಂಡಿರಲಿಲ್ಲ.

ಹೆಸರು ಉಚ್ಚಂಗೆಮ್ಮ. ಎಲ್ಲರೂ ಉಚ್ಚಂಗಿ ಎನ್ನುತ್ತಾರೆ. ಹತ್ತನೇ ತರಗತಿ.

೨೨ ಜುಲೈ, ಭಾನುವಾರ

ಒಂದು ವಾರದಿಂದ ಬೆಳಗ್ಗೆ ಉಚ್ಚಂಗಿಯೂ ಮೈದಾನಕ್ಕೆ ಬರುತ್ತಿದ್ದಾಳೆ. ಒಬ್ಬಳೇ ಓಡಿದರೆ ಕಾಲು ಸೋಮಾರಿಯಾಗುತ್ತದೆ, ಹಿಂದೆ ಯಾರಾದರೂ ಬರುತ್ತಿದ್ದರೆ ವೇಗ ಕೆಡುವುದಿಲ್ಲ. ಡಿಸೆಂಬರಿಗೆ ನನಗೂ ಅನುಕೂಲ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಇವತ್ತು ಅವಳ ತಾಯಿ ಈರಕ್ಕನನ್ನು ಕಾಣಲು ಹೋಗಿದ್ದೆ. ಇದೇ ತಾಲ್ಲೂಕಿನ ಅರಸೀಕೆರೆಯವರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ಮೆಕ್ಕೆಜೋಳದ ಮಾರುಕಟ್ಟೆ ಯಾರ್ಡಿನಲ್ಲಿ ಕಾಳು ತೂರುವ, ಕೇರುವ ಕೆಲಸ ಮಾಡುತ್ತಾಳೆ. ಹಣೆ ತುಂಬ ವಿಭೂತಿ, ಕೂದಲಲ್ಲೆಲ್ಲ ಜೋಳದ ಹೊಟ್ಟು. ನಾನು ಸುತ್ತಿ ಬಳಸಿ ಹೇಳಲಿಲ್ಲ. ಈ ವರ್ಷ ವಿಭಾಗ ಮಟ್ಟದ ಹದಿನೈದುನೂರು ಮೀಟರಿನಲ್ಲಿ ಮೊದಲು ಬಂದವಳಿಗೆ ಕ್ರೀಡಾ ಹಾಸ್ಟೆಲಿನ ಸೀಟು ಸಿಗುತ್ತದೆ, ಅಲ್ಲೇ ಊಟ, ಅಲ್ಲೇ ಓದು, ನಿನ್ನ ಮಗಳಿಗೆ ಅದು ಸಿಗಬಹುದು ಎಂದೆ.

ಈರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದಳು. “ಓಡ್ಲಿ ಬಿಡ್ರಿ ಟೀಚರಮ್ಮ. ಸೀಟು ಸಿಕ್ಕರ ಮುಂದ ಓದ್ಲಿ, ನಾ ಅಡ್ಡ ಬರಂಗಿಲ್ಲ. ಸಿಗ್ಲಿಲ್ಲಂದ್ರ ಹತ್ತನೇದು ಮುಗಿದ ಮರುದಿನಾನ ನನ್ನ ಜೋಡಿ ಯಾರ್ಡಿಗೆ ಬರ್ಬೇಕು. ನಂಗೂ ಇರೋದು ಒಂದ ಸೊಂಟ ನೋಡ್ರಿ.”

ನ್ಯಾಯವಾದ ಮಾತು.

ಕಟ್ಟೆಯ ಮೇಲೆ ಕೂರಿಸಿಯೇ ಮಾತಾಡಿದಳು, ಒಳಗೆ ಕರೆಯಲಿಲ್ಲ. ಇಂಥವನ್ನು ನಾನು ಗಮನಿಸುವುದೇ ಇಲ್ಲ ಎಂದು ಕ್ರಾಂತಿಗೆ ಹೇಳುತ್ತಿರುತ್ತೇನೆ. ಗಮನಿಸುತ್ತೇನೆ.

೫ ಆಗಸ್ಟ್, ಭಾನುವಾರ

ಉಚ್ಚಂಗಿಯ ಕಾಲಲ್ಲಿ ಏನೋ ದೋಷವಿದೆ.

ನಾನು ಮುಂದೆ, ಅವಳು ನನ್ನ ಬೆನ್ನಿಗೆ. ಎಷ್ಟು ವೇಗ ಕೂಡಿಸಿದರೂ ಅಷ್ಟೇ ದೂರದಲ್ಲಿ ಬರುತ್ತಾಳೆ. ಹೆಜ್ಜೆಯ ಸಪ್ಪಳವೇ ಇಲ್ಲ. ಇದ್ದಾಳೋ ಇಲ್ಲವೋ ಎಂದು ತಿರುಗಿ ನೋಡಬೇಕು, ಅಲ್ಲೇ ಇರುತ್ತಾಳೆ, ಕಣ್ಣು ಅರಳಿಸಿಕೊಂಡು. ಆದರೆ ಬಸ್ ಸ್ಟ್ಯಾಂಡ್ ಕಡೆಯ ನೇರ ದಾರಿಗೆ ತಿರುಗಿದ ಕೂಡಲೇ ಹೊರಗೆ ಸರಿದು ಎರಡಾಳು ದೂರದಲ್ಲಿ ಓಡುತ್ತಾಳೆ. ಪ್ರತಿ ಸುತ್ತಿಗೂ ಅದೇ. ಸುಮ್ಮನೆ ಹೆಚ್ಚಿನ ದೂರ ಓಡಿ ದಣಿಯುತ್ತಾಳೆ. ಹದಿನೈದುನೂರು ಮೀಟರಿನಲ್ಲಿ ಹೀಗೆ ಮಾಡಿದರೆ ಸೀಟು ಬೇರೆಯವರ ಪಾಲು.

ಬಲಗಾಲಿನ ಬಲ ಕಮ್ಮಿಯಿರಬೇಕು ಎಂದು ಒಂಟಿಕಾಲಿನ ಜಿಗಿತ ಮಾಡಿಸುತ್ತಿದ್ದೇನೆ. ಹೇಳಿದ್ದಷ್ಟನ್ನೂ ಮಾಡುತ್ತಾಳೆ. ಮಾರನೇ ದಿನ ಮತ್ತೆ ಅಲ್ಲೇ ಸರಿಯುತ್ತಾಳೆ.

೧೯ ಆಗಸ್ಟ್, ಭಾನುವಾರ

ಮೋಡ ಮುಚ್ಚಿಕೊಂಡಿತ್ತು, ಸಣ್ಣಗೆ ಹನಿ. ಇವತ್ತು ಒಂದು ಸುತ್ತಿನಲ್ಲೂ ಸರಿಯಲಿಲ್ಲ! ದಾರ ಹಿಡಿದಂತೆ ನೆಟ್ಟಗೆ ನನ್ನ ಹಿಂದೆಯೇ ಓಡಿದಳು. ಒಂಟಿಕಾಲಿನ ಜಿಗಿತ ಕೆಲಸ ಮಾಡಿದೆ. ಕ್ರಾಂತಿಯ ಮುಂದೆ ಜಂಬ ಕೊಚ್ಚಿಕೊಂಡೆ. ನನ್ನ ಮೊಣಕಾಲೂ ಇವತ್ತು ಸುಮ್ಮನಿತ್ತು.

೨೧ ಆಗಸ್ಟ್, ಮಂಗಳವಾರ

ಬಿಸಿಲು ಬಿತ್ತು. ಮತ್ತೆ ಸರಿದಳು.

ಸಂಜೆಯೂ ಓಡಿಸಿ ನೋಡಿದೆ. ಸಂಜೆ ಬಸ್ ಸ್ಟ್ಯಾಂಡ್ ಕಡೆ ನೆಟ್ಟಗೇ ಬಂದಳು, ಎದುರು ಬದಿಯ ನೇರದಲ್ಲಿ ಸರಿದಳು. ಕಾಲಿನ ದೋಷ ಬೆಳಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಇರುವುದಿಲ್ಲ. ತಿರುಗಿ ಅವಳ ಕಣ್ಣು ನೋಡಿದೆ. ಅವಳು ನೋಡುತ್ತಿದ್ದುದು ನೆಲವನ್ನು. ನೆಲದ ಮೇಲೆ ಬಿದ್ದ ನನ್ನ ನೆರಳನ್ನು.

ಸೂರ್ಯನ ಕಡೆ ಮುಖ ಮಾಡಿ ಓಡುವಾಗ ನನ್ನ ನೆರಳು ಹಿಂದಕ್ಕೆ ಬೀಳುತ್ತದೆ. ಅದು ಕಾಲಿಗೆ ತಾಗಬಾರದೆಂದು ಸರಿಯುತ್ತಿದ್ದಾಳೆ. ದೋಷ ಅವಳ ಕಾಲಲ್ಲಿಲ್ಲ.

೨೨ ಆಗಸ್ಟ್, ಬುಧವಾರ

ಓಡಲಿಲ್ಲ. ಉಚ್ಚಂಗಿ ಬಂದಿದ್ದಳಂತೆ, ಕಾದು ಹೋದಳಂತೆ.

೨೪ ಆಗಸ್ಟ್, ಶುಕ್ರವಾರ

ನಮ್ಮಜ್ಜಿ ಹಂಪಮ್ಮ ಸಂತೆಗೆ ಹೋಗುವಾಗ ಬಿಸಿಲು ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು ನಡೆಯಬೇಕಿತ್ತಂತೆ, ತನ್ನ ನೆರಳು ಯಾರ ಮೈಮೇಲೂ ಬೀಳದ ಹಾಗೆ. ಬಿದ್ದರೆ ಅವರು ಮತ್ತೆ ಸ್ನಾನ ಮಾಡಬೇಕು, ಬೈಗುಳ ಅಜ್ಜಿ ತಿನ್ನಬೇಕು. ಕೊಟ್ಟೂರಿನ ಮನೆಯಲ್ಲಿ ಇದನ್ನು ಹೇಳುವಾಗ ಅಜ್ಜಿ ನಗುತ್ತಿದ್ದಳು. ನಮ್ಮಪ್ಪ ಪಕ್ಕೀರಪ್ಪ ನಗುತ್ತಿರಲಿಲ್ಲ. “ನಮ್ಮನ್ನ ಹಿಂದ ಸರಿ, ಹಿಂದ ಸರಿ ಅಂದ್ರು ಮಗಳ. ನೀ ಯಾರ ಹಿಂದೂ ಓಡಬ್ಯಾಡ” ಎಂದು ನನ್ನನ್ನು ಮೈದಾನಕ್ಕೆ ಬಿಟ್ಟವನು ಅವನೇ. ನಾನು ಯಾರ ಹಿಂದೆಯೂ ಓಡಲಿಲ್ಲ.

ಈಗ ಈ ವಿಭೂತಿ ಮನೆಯ ಹುಡುಗಿ. ಕಟ್ಟೆಯ ಮೇಲೆ ಕೂರಿಸಿದ್ದು ನೆನಪಾಗುತ್ತಿದೆ. ಇವಳಿಗಾಗಿ ನಾನು ಬೆಳಗಿನ ನಿದ್ದೆ ಬಿಟ್ಟೆನಲ್ಲ, ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು.

ಕ್ರಾಂತಿ ಹೇಳುತ್ತಾರೆ, “ಒಂದ್ ಮಾತು ಕೇಳ್ಯರ ನೋಡು ಆಕಿನ್ನ. ಕೇಳದಾನ ಯಾಕ ಕುದೀತಿ?” ಕೇಳುವುದೇನಿದೆ? ಕಣ್ಣಾರೆ ಕಂಡಿದ್ದೇನೆ.

೨೫ ಆಗಸ್ಟ್, ಶನಿವಾರ

ಕೇಳಿದೆ.

ಬೆಳಗ್ಗೆ ಹೋದಾಗ ಉಚ್ಚಂಗಿ ಬೇವಿನ ಮರದ ಕೆಳಗೆ ನಿಂತಿದ್ದಳು. ಮೂರು ದಿನದಿಂದ ಬಂದು ಬಂದು ಹೋಗಿದ್ದಾಳೆ. ನನಗೆ ಇನ್ನೂ ಸಿಟ್ಟು ಬಂತು. “ನನ್ನ ನೆಳ್ಳು ಕಂಡ್ರ ಯಾಕ ಸರೀತಿ?” ಎಂದು ನೇರವಾಗಿಯೇ ಕೇಳಿದೆ.

ಮುಖ ಬಿಳಿಚಿಕೊಂಡಿತು.

“ನಾ ಯಾರಂತ ನಿಮ್ಮವ್ವ ಹೇಳ್ಯಾಳೇನು ನಿಂಗ?”

“ಹೇಳ್ಯಾಳ್ರಿ.”

“ಏನಂತ ಹೇಳ್ಯಾಳ?”

“ನೀವು ನನ್ನ ಗುರುಗಳಂತ್ರಿ.” ಅಳು ನುಂಗಿಕೊಂಡು ಹೇಳಿದಳು. “ಗುರುವಿನ ನೆಳ್ಳು ತುಳಿದ್ರ ಕಲ್ತ ವಿದ್ಯಾ ಹತ್ತಂಗಿಲ್ಲಂತ್ರಿ. ಒಂದೆರಡು ಸಲ ಕಾಲು ಬಿದ್ದೈತ್ರಿ ಮಿಸ್, ಬೇಕಂತ ಅಲ್ರಿ. ಅದಕ್ಕ ಸಿಟ್ಟಾಗೀರೇನ್ರಿ?”

ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ, ನಾಲ್ಕು ಸುತ್ತು ಒಬ್ಬಳೇ ಓಡಿ ಬಾ ಎಂದು ಕಳಿಸಿ, ಮರದ ಬುಡದಲ್ಲಿ ಕೂತು ಅತ್ತೆ. ಅಜ್ಜಿ ನೆನಪಾದಳು. ಅವಳ ನೆರಳು ಕಂಡು ಜನ ಸರಿದರು. ನನ್ನ ನೆರಳು ಕಂಡು ಈ ಹುಡುಗಿಯೂ ಸರಿದಳು. ಒಂದೇ ನೆಲ, ಒಂದೇ ಬಿಸಿಲು. ಅಜ್ಜಿ ಬದುಕಿದ್ದರೆ ಇವತ್ತೇ ಬಸ್ಸು ಹತ್ತಿ ಕೊಟ್ಟೂರಿಗೆ ಹೋಗಿ ಹೇಳಿ ಬರುತ್ತಿದ್ದೆ.

ಸಂಜೆ ಈರಕ್ಕನ ಮನೆಗೆ ಹೋದೆ. ಸುಮ್ಮನೆ, ಏನೂ ಕೆಲಸವಿರಲಿಲ್ಲ. ನಾನೇ ಬಾಗಿಲೊಳಗೆ ತಲೆ ಹಾಕಿದೆ. ಒಂದು ಖೋಲಿ, ಅದರ ತುಂಬ ಯಾರದೋ ಜೋಳದ ಚೀಲ. ಇಬ್ಬರು ಕೂರಲು ಜಾಗವಿಲ್ಲ. “ಅಲ್ಲೇ ಕುಂದರ್ರಿ ಟೀಚರಮ್ಮ, ಒಳಗ ಹೊಟ್ಟು ಕಡಿತೈತಿ” ಎಂದು ಈರಕ್ಕ ಚಹಾ ಕೊಟ್ಟಳು. ಅವಳ ಲೋಟದಲ್ಲಿ ಅರ್ಧ, ನನ್ನದರಲ್ಲಿ ತುಂಬ.

೨ ಸೆಪ್ಟೆಂಬರ್, ಭಾನುವಾರ

ತುಳಿ ಎಂದರೆ ತುಳಿಯುವುದಿಲ್ಲ! “ನಾನಾ ಹೇಳಾಕತ್ತೀನಿ, ತುಳಿ” ಎಂದು ಗದರಿದರೆ ಕಾದ ಹಂಚಿನ ಮೇಲೆ ಕಾಲಿಟ್ಟಂತೆ ಕುಪ್ಪಳಿಸುತ್ತಾಳೆ. ನಗು ತಡೆಯಲಾಗಲಿಲ್ಲ.

“ಹಂಗಾರ ನನ್ನ ದಾಟಿ ಮುಂದ ಹೋಗು. ಬಿಸಿಲಿನ ಕಡೆ ಓಡೋವಾಗ ಮುಂದ ಇದ್ರ ನೆಳ್ಳ ಸಿಗಂಗಿಲ್ಲ.”

“ಗುರುಗಳ ಮುಂದ ಹೋಗೋದು ಅದಕ್ಕಿಂತ ತಪ್ಪಲ್ರಿ ಮಿಸ್?”

ಇವಳಿಗೆ ಯಾವ ದೇವರು ಬುದ್ಧಿ ಹೇಳಬೇಕು!

೮ ಸೆಪ್ಟೆಂಬರ್, ಶನಿವಾರ

ತಾಲ್ಲೂಕು ಮಟ್ಟ. ಉಚ್ಚಂಗಿ ಎರಡನೆಯವಳು. ಇಬ್ಬರಿಗೆ ಜಿಲ್ಲೆಗೆ ಅವಕಾಶ, ಚಿಂತೆಯಿಲ್ಲ. ಮೊದಲ ಸಲದ ಅಂಜಿಕೆ ಇರಬೇಕು.

೨೯ ಸೆಪ್ಟೆಂಬರ್, ಶನಿವಾರ

ದಾವಣಗೆರೆ. ಜಿಲ್ಲಾ ಮಟ್ಟ. ಮತ್ತೆ ಎರಡು. ಇಲ್ಲಿಂದಲೂ ಇಬ್ಬರು ವಿಭಾಗಕ್ಕೆ ಹೋಗುತ್ತಾರೆ, ಅಷ್ಟು ಪುಣ್ಯ.

ಇದು ಅಂಜಿಕೆಯಲ್ಲ. ಮುಂದೆ ಓಡಿದ ಹುಡುಗಿ ಕೊನೆಯ ಸುತ್ತಿನಲ್ಲಿ ಬಾಯಿ ತೆರೆದು ಒದ್ದಾಡುತ್ತಿದ್ದಳು. ಅವಳ ಭುಜಕ್ಕೆ ಅಂಟಿಕೊಂಡು ನನ್ನ ಉಚ್ಚಂಗಿ ಆರಾಮಾಗಿ, ಜಾತ್ರೆಗೆ ಹೊರಟವಳ ಹಾಗೆ! ನಾನು ಗಂಟಲು ಹರಿಯುವ ಹಾಗೆ ಕೂಗಿದೆ, ದಾಟು, ದಾಟು ಎಂದು. ಒಂದು ಹೆಜ್ಜೆ ಹಿಂದೆಯೇ ಗೆರೆ ಮುಟ್ಟಿದಳು. ಮುಟ್ಟಿ ನನ್ನ ಕಡೆ ನೋಡಿ ನಕ್ಕಳು.

“ಯಾಕ ದಾಟಲಿಲ್ಲ?”

“ಆ ಅಕ್ಕಾರು ಮುಂದ ಇದ್ರಲ್ರಿ ಮಿಸ್.”

ಬಾಯಿಗೆ ಬಂದಂತೆ ಬೈದೆ. ವಿಭಾಗದಲ್ಲಿ ಎರಡನೆಯವಳಿಗೆ ಏನೂ ಇಲ್ಲ, ಒಂದೇ ಸೀಟು, ಯಾರ್ಡಿನಲ್ಲಿ ಜೋಳ ಕೇರುತ್ತೀಯಾ ಜನ್ಮವಿಡೀ ಎಂದೆಲ್ಲ ಅಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಊಟ ಮಾಡಿರಲಿಲ್ಲ. ನಾನೂ ಮಾಡಲಿಲ್ಲ.

೪ ಅಕ್ಟೋಬರ್, ಗುರುವಾರ

ಕ್ರಾಂತಿ ಇವತ್ತು ತಮ್ಮ ಲೂನಾ ನಿಲ್ಲಿಸಿ ನಮ್ಮ ಓಟ ಪೂರ್ತಿ ನೋಡಿದರು. ಮನೆಗೆ ಬಂದು ದೋಸೆ ತಿನ್ನುತ್ತ ಮೆಲ್ಲಗೆ ಶುರು ಮಾಡಿದರು.

“ಏ ರಮಾ, ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ ಅನ್ನಂಗ ಆತಲ್ಲ ನಿಂದು.”

“ಏನಾತು?”

“ಬಾಯಾಗ ದಾಟು ದಾಟು ಅಂತಿ. ಆಕಿ ನಿನ್ನ ಮಗ್ಗುಲಿಗೆ ಬಂದ ಕೂಡ್ಲೇ ನೀ ಜೋರು ಮಾಡ್ತಿ. ಮೂರ್ ಸಲ ನೋಡಿದೆ. ಮೂರ್ ಸಲಾನೂ ಮಾಡ್ದಿ. ಆಕಿ ಏನ್ ತಿಳ್ಕಬೇಕು, ಮಿಸ್‌ಗೆ ಇಷ್ಟ ಇಲ್ಲ ಅಂತ ತಿಳ್ಕೊಂಡು ಹಿಂದ ಉಳೀತಾಳ.”

ಸುಳ್ಳು. ಶುದ್ಧ ಸುಳ್ಳು. ಅಂಚೆ ಚೀಟಿಗೆ ಗೋಂದು ಹಚ್ಚುವವರಿಗೆ ಓಟದ ಸೂಕ್ಷ್ಮ ಏನು ಗೊತ್ತು? ಎರಡನೇ ದೋಸೆ ಕೊಡಲಿಲ್ಲ.

೭ ಅಕ್ಟೋಬರ್, ಭಾನುವಾರ

ನಿಧಾನ ಮಾಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ಓಡಿದೆ. ಅವಳ ಉಸಿರು ಕಿವಿಯ ಹತ್ತಿರ ಬಂತು. ನನ್ನ ಕಾಲು ನನ್ನನ್ನು ಕೇಳದೆ ಜೋರಾಯಿತು. ಇನ್ನೊಂದು ಸಲ ನೋಡಿದೆ. ಮತ್ತೂ ಅದೇ.

ಕ್ರಾಂತಿಗೆ ಹೇಳಿಲ್ಲ. ಮೂರು ದೋಸೆ ಹಾಕಿದೆ.

೧೪ ಅಕ್ಟೋಬರ್, ಭಾನುವಾರ

ಉಚ್ಚಂಗಿಗೆ ನಿಜ ಹೇಳಿದೆ. ಅವಳ ಎದುರು ಹೇಳುವುದು ಕಷ್ಟವಾಗಲಿಲ್ಲ. “ನೋಡವ್ವ, ಬಿಟ್ಟುಕೊಡೋದು ನನ್ನ ಕಾಲಿಗೆ ಬರಂಗಿಲ್ಲ. ಸಣ್ಣಾಕಿದ್ದಾಗಿಂದ ಬಂದಿಲ್ಲ. ಹಂಗಂತ ನನಗ ಇಷ್ಟ ಇಲ್ಲ ಅಂತಲ್ಲ. ಮುಂದಿನ ಶನಿವಾರ ನಾ ಪೂರ್ತಿ ಓಡ್ತೀನಿ, ರಾಜ್ಯ ಕೂಟದಾಗ ಓಡಿದಂಗ. ನೀ ನನ್ನ ದಾಟಬೇಕು. ನೀ ನಂಗ ಕೊಡೋ ಗುರುಕಾಣಿಕಿ ಅದ. ತೆಂಗಿನಕಾಯಿ, ಬಾಳೆಹಣ್ಣು ನನಗ ಬ್ಯಾಡ.”

“ಕಾಣಿಕಿ ಅಂದ್ರ ಕೊಡ್ಲೇಬೇಕಲ್ರಿ” ಎಂದಳು.

೨೦ ಅಕ್ಟೋಬರ್, ಶನಿವಾರ

ಬೂಟು ಕೂಡ ಬಿಚ್ಚದೆ ಕೂತಿದ್ದೇನೆ. ಬರೆಯುತ್ತೇನೆ.

ಬೆಳಗ್ಗೆಯೇ ಒಳ್ಳೆಯ ಬಿಸಿಲು ಬಿದ್ದಿತ್ತು. ರಸ್ತೆಯ ಅಂಚಿಗೆಲ್ಲ ಜೋಳ ಹರವಿದ್ದರು, ಯಾರ್ಡಿಗೆ ಹೋಗುವ ಹೆಂಗಸರು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ಈರಕ್ಕನೂ ಇದ್ದಳು. ಕ್ರಾಂತಿ ಸೀಟಿ ಊದಿದರು.

ಮೊದಲಿಂದಲೇ ಬಿಗಿಯಾಗಿ ಓಡಿದೆ. ಮೊಣಕಾಲು ಇತ್ತೆಂಬುದೇ ಮರೆತುಹೋಯಿತು. ಎರಡನೇ ಸುತ್ತಿಗೆ ಅವಳಿಲ್ಲ ಅಂದುಕೊಂಡೆ, ಇದ್ದಳು. ಕೊನೆಯ ಸುತ್ತಿನಲ್ಲಿ ಅವಳ ಉಸಿರು ಕಿವಿಗೆ ಬಂತು. ಕಾಲು ಜೋರಾಯಿತು. ನಾನು ತಡೆಯಲಿಲ್ಲ, ಇದ್ದದ್ದನ್ನೆಲ್ಲ ಸುರಿದೆ. ಹತ್ತು ವರ್ಷದಲ್ಲಿ ಹಾಗೆ ಓಡಿರಲಿಲ್ಲ. ಉಸಿರು ಹಿಂದೆ ಉಳಿಯಬೇಕಿತ್ತು. ಉಳಿಯಲಿಲ್ಲ. ಭುಜದ ಪಕ್ಕ ಬಂತು, ಆಮೇಲೆ ಮುಂದೆ ಹೋಯಿತು.

ಅವಳ ಬೆನ್ನು ಕಂಡೆ!

ಎತ್ತಿ ಕಟ್ಟಿದ ಎರಡು ಜಡೆ, ಬೆವರಿಗೆ ಅಂಟಿದ ಅಂಗಿ, ಮೇಲೆದ್ದು ಬೀಳುವ ಬಿಳಿಯ ಅಂಗಾಲು. ನೆಲ ಅವಳನ್ನು ತಾನೇ ಎತ್ತಿ ಮುಂದೆ ಇಡುತ್ತಿತ್ತು. ನಾನು ಇಷ್ಟು ವರ್ಷ ಓಡಿದೆ, ಓಟ ಎಷ್ಟು ಚೆಂದ ಇರುತ್ತದೆ ಎಂದು ನೋಡಿರಲೇ ಇಲ್ಲ. ಎಲ್ಲಿ ನೋಡಲಿ, ಯಾವಾಗಲೂ ಮುಂದೆಯೇ ಇದ್ದೆ. ಅಯ್ಯೋ, ಎಂಥ ಚೆಂದ! ಓಡುತ್ತಲೇ ಗಟ್ಟಿಯಾಗಿ ಕೂಗಿಬಿಟ್ಟೆನಂತೆ. ಏನೆಂದು ಕೂಗಿದೆನೋ ನೆನಪಿಲ್ಲ. ಕ್ರಾಂತಿಯನ್ನು ಕೇಳಿದರೆ, “ಅಪ್ಪಾ ಅಂದಿ” ಎನ್ನುತ್ತಾರೆ.

ಗೆರೆ ಮುಟ್ಟಿದ ಮೇಲೆ ಉಚ್ಚಂಗಿ ಬಂದು ಕಾಲಿಗೆ ಬಿದ್ದು ಗೊಳೋ ಎಂದು ಅತ್ತಳು. ಎಬ್ಬಿಸಿ ಅಪ್ಪಿಕೊಂಡೆ. ಈರಕ್ಕ ಬೇಲಿಯಾಚೆಯಿಂದ, “ಯಾಕ ಅಳ್ತಾಳ ಅದು? ಬಿದ್ದಾಳೇನು?” ಎಂದು ಕೂಗುತ್ತಿದ್ದಳು.

ಬಸ್ ಸ್ಟ್ಯಾಂಡ್ ಕಡೆಯ ನೇರದಲ್ಲಿ ಉಚ್ಚಂಗಿ ಮುಂದಾದ ಮೇಲೆ ನಾನು ಯಾಕೋ ಹೊರಗೆ ಸರಿದು ಓಡಿದೆನಂತೆ. ಕ್ರಾಂತಿ ಎರಡು ಸಲ ಕೇಳಿದರು, ಯಾಕೆ ಸರಿದೆ ಎಂದು. ಮೊಣಕಾಲಿನ ದೆಸೆಯಿಂದ ಇರಬೇಕು.

೨ ನವೆಂಬರ್, ಶುಕ್ರವಾರ

ಉಚ್ಚಂಗಿಗೆ ಸ್ಪೈಕ್ಸ್ ಬೂಟು ಕಚ್ಚುತ್ತಿದೆ. ನನ್ನ ಹಳೆಯ ಜೋಡು, ಮುಂದಕ್ಕೆ ಹತ್ತಿ ತುರುಕಿದರೂ ಸಡಿಲ. ಬರಿಗಾಲಲ್ಲೇ ಓಡಲಿ, ಅವಳಿಗೆ ಅದೇ ವಾಸಿ. ರಾತ್ರಿ ಊಟಕ್ಕೆ ರೊಟ್ಟಿ ಜೊತೆ ಹೆಸರುಕಾಳು ಹಾಕು ಎಂದು ಈರಕ್ಕನಿಗೆ ಹೇಳಿ ಬಂದೆ. ಬಲ ಹಿಮ್ಮಡಿ ಒಡೆದಿದೆ, ಕೊಬ್ಬರಿ ಎಣ್ಣೆ ಕೊಟ್ಟಿದ್ದೇನೆ. ದಾಟಿದ ಮೇಲೆ ತಿರುಗಿ ನೋಡುವ ಚಾಳಿಯೊಂದು ಹೋಗಬೇಕು.

ಡಿಸೆಂಬರ್ ಕೂಟಕ್ಕೆ ಹೆಸರು ಕೊಟ್ಟೆಯಾ ಎಂದು ಕ್ರಾಂತಿ ಕೇಳಿದರು. ಕೊನೆಯ ದಿನ ಹೋದ ವಾರವೇ ಮುಗಿದಿದೆಯಂತೆ. ಇರಲಿ. ನಾಳೆ ಎಣ್ಣೆ ಹಚ್ಚಿಕೊಂಡಳೋ ಇಲ್ಲವೋ ನೋಡಬೇಕು.

೯ ನವೆಂಬರ್, ಶುಕ್ರವಾರ

ವಿಭಾಗ ಮಟ್ಟದ ಕೂಟ ಮುಗಿಸಿ ಚಿತ್ರದುರ್ಗದಿಂದ ಈಗ ಬಂದೆವು. ಮೈಯೆಲ್ಲ ಧೂಳು, ಸ್ನಾನಕ್ಕೆ ನೀರು ಕಾಯುತ್ತಿದೆ. ಅಷ್ಟರಲ್ಲಿ ಬರೆದುಬಿಡುತ್ತೇನೆ.

ಬೆಳಗ್ಗೆ ಓಟ. ಶಿವಮೊಗ್ಗದ ಕಡೆಯ ಎತ್ತರದ ಹುಡುಗಿಯೊಬ್ಬಳು ಸೀಟಿ ಊದಿದಾಗಿನಿಂದ ಮುಂದೆ. ಒಳ್ಳೆಯ ಓಟಗಾರ್ತಿ, ಸುಳ್ಳು ಹೇಳಬಾರದು. ಅವಳ ಹಿಂದೆ ಉಚ್ಚಂಗಿ. ಒಂದು ಸುತ್ತು, ಎರಡು, ಮೂರು, ಅದೇ ಹಿಂದೆ. ದಾವಣಗೆರೆಯ ನಗು ಕಣ್ಣ ಮುಂದೆ ಬಂತು. ಕೊನೆಯ ತಿರುವು ಬಂತು. ಅಲ್ಲಿ ಉಚ್ಚಂಗಿ ಮಗ್ಗುಲಿಗೆ ಸರಿದಳು. ನನಗೆ ಕಂಡದ್ದು, ಅವಳು ಆ ಹುಡುಗಿಯ ಕಡೆ ಮುಖ ತಿರುಗಿಸಿದ್ದು. ಆಮೇಲೆ ಹೊರಟಳು ನೋಡು! ಇಡೀ ಮೈದಾನ ಎದ್ದು ನಿಂತಿತು. ಪಕ್ಕದಲ್ಲಿದ್ದ ಯಾರೋ ಮಾಸ್ತರು ತಮ್ಮ ಛತ್ರಿಯನ್ನೇ ಮೇಲಕ್ಕೆ ಎಸೆದರು. ಹಿಂದೆ ತಿರುಗಿ ನೋಡದೆ, ಒಬ್ಬಳೇ, ಗೆರೆ ದಾಟಿದಳು.

ಕುಣಿಯಬೇಕು ಅನ್ನುವಷ್ಟರಲ್ಲಿ ಮೈಕಿನಲ್ಲಿ ನನ್ನನ್ನು ಕರೆದರು. ಫಲಿತಾಂಶ ತಡೆಹಿಡಿದಿದ್ದಾರೆ. ದಾಟುವಾಗ ಹರಪನಹಳ್ಳಿಯ ಹುಡುಗಿ ಏನೋ ಅಂದು ಬೆದರಿಸಿದಳು, ಓಟದಿಂದ ವಜಾ ಮಾಡಿ ಎಂದು ಆ ಹುಡುಗಿಯ ಮಾಸ್ತರು ತಕರಾರು ಎತ್ತಿದ್ದರು. ಶಾಮಿಯಾನದ ಕೆಳಗೆ ಬಿಳಿ ಮೀಸೆಯ ಮುಖ್ಯ ರೆಫರಿ ಕೂತಿದ್ದರು. ಆ ಎತ್ತರದ ಹುಡುಗಿ ಇನ್ನೂ ಏದುಸಿರು ಬಿಡುತ್ತಿದ್ದಳು. “ಏನೋ ಹೇಳಿದ್ಲು ಸಾರ್, ಕಿವಿ ಹತ್ರನೇ. ನಂಗೆ ಗಾಬರಿ ಆಯ್ತು” ಎಂದಳು. ಸುಳ್ಳು ಹೇಳುವ ಮುಖವಲ್ಲ ಅದು.

ಉಚ್ಚಂಗಿ ಬೈದಿರಬಹುದೇ? ಇಷ್ಟು ದಿನ ದಾಟು ದಾಟು ಎಂದು ಅವಳ ಪ್ರಾಣ ತಿಂದೆನಲ್ಲ, ಬಾಯಿಗೆ ಏನು ಬಂತೋ ಏನೋ. ಬೈದಿದ್ದರೆ ಸೀಟು ಹೋಯಿತು, ಈರಕ್ಕನಿಗೆ ಮುಖ ತೋರಿಸುವ ಹಾಗಿಲ್ಲ.

“ಏನಮ್ಮ ಅಂದಿ ಆಕಿಗೆ? ಖರೇ ಹೇಳು” ಎಂದರು ರೆಫರಿ.

ಉಚ್ಚಂಗಿ ನನ್ನ ಮುಖ ನೋಡಿದಳು. “ಹೇಳವ್ವ” ಎಂದೆ.

“ತಪ್ಪಾತ್ರಿ ಅಕ್ಕಾರ, ಮುಂದ ಹೊಂಟೀನಿ ಅಂದೆ ರೀ.”

ರೆಫರಿ ಮೂಗಿನ ಮೇಲಿನ ಕನ್ನಡಕ ತೆಗೆದರು. “ಯಾಕಮ್ಮ ಹಂಗಂದಿ?”

“ಅವ್ರು ನನಗಿಂತ ದೊಡ್ಡೋರು ಅನ್ನಿಸ್ತಲ್ರಿ. ಹೇಳದಾನ ಹೆಂಗ ದಾಟಿ ಹೋಗೋದ್ರಿ?”

ಮೊದಲು ನಕ್ಕವಳು ಆ ಶಿವಮೊಗ್ಗದ ಹುಡುಗಿಯೇ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, “ಬೇಡ ಸಾರ್, ತಕರಾರು ಬೇಡ” ಎಂದು ತನ್ನ ಮಾಸ್ತರ ಕೈ ಎಳೆದಳು. ರೆಫರಿ ಕನ್ನಡಕ ಒರೆಸುತ್ತಲೇ ಇದ್ದರು. “ಇಷ್ಟು ವರ್ಷ ಸೀಟಿ ಊದೀನಿ ಮೇಡಂ. ಒದ್ದು ದಾಟಿದೋರ್ನ ನೋಡೀನಿ, ಮೊಣಕೈ ಹಾಕಿ ದಾಟಿದೋರ್ನ ನೋಡೀನಿ. ಕೇಳಿ ದಾಟಿದೋರ್ನ ಇವತ್ತ ನೋಡಿದೆ” ಎಂದು, ಮೈಕಿನವನಿಗೆ, “ಹರಪನಹಳ್ಳಿ ಮೊದಲು ಅಂತ ಹೇಳಪ್ಪ” ಎಂದರು.

ದಾರಿಯುದ್ದಕ್ಕೂ ಉಚ್ಚಂಗಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ನಾನು ಅಲುಗಾಡದೆ ಕೂತಿದ್ದೆ. ಇಂಥದ್ದೊಂದನ್ನು ನಾನು ಕಲಿಸಿರಲಿಲ್ಲ, ನನಗೆ ಬರುತ್ತಲೂ ಇರಲಿಲ್ಲ. ಮುಂದೆ ಹೋಗುವುದು ಅಂದರೆ ಉಳಿದವರನ್ನು ಹಿಂದೆ ಸರಿಸುವುದು ಎಂದೇ ನನ್ನ ಮೈ ತಿಳಿದುಕೊಂಡಿತ್ತು. ಈ ಮಗು ಯಾರನ್ನೂ ಸಣ್ಣವರನ್ನಾಗಿ ಮಾಡದೆ ಮುಂದೆ ಹೋಯಿತಲ್ಲ. ಅದನ್ನೇ ಯೋಚಿಸುತ್ತ ಕೂತವಳಿಗೆ ಊರು ಬಂದದ್ದೂ ತಿಳಿಯಲಿಲ್ಲ.

ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಈರಕ್ಕ ಕಾಯುತ್ತಿದ್ದಳು. ಯಾರ್ಡಿನಿಂದ ನೇರ ಬಂದಿದ್ದಾಳೆ, ಸೀರೆಯ ತುಂಬ ಹೊಟ್ಟು. ಏನಾಯಿತೆಂದು ಕೇಳಲು ಅಂಜಿಕೆ, ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಉಚ್ಚಂಗಿ ಮೆಟ್ಟಿಲ ಹತ್ತಿರ ಪಕ್ಕಕ್ಕೆ ಸರಿದು, “ನೀವು ಮೊದ್ಲು ಇಳೀರಿ ಮಿಸ್” ಎಂದಳು.

“ಇಳಿ ನೀನು.”

“ನೀವು ಇಳೀರಿ ಮಿಸ್.”

ಹಿಂದಿನಿಂದ ಕಂಡಕ್ಟರ್ ರೇಗಿದ. “ಯವ್ವಾ, ಯಾರರ ಒಬ್ರು ಇಳೀರಿ, ಬಸ್ಸು ಡಿಪೋಗೆ ಹೋಗ್ಬೇಕು!”

ನಾನು ಅವಳ ಎರಡೂ ಭುಜ ಹಿಡಿದು ಮುಂದಕ್ಕೆ ದೂಡಿದೆ.